ಅಪ್ಪ ಕಾಯುತ್ತಿದ್ದ ಕಂಡಿ
ತಂಗಿಯ ಮದುವೆಗೆ ಕಡವೆ ಬಾಡಿನ ಊಟ ಹಾಕುತ್ತೇನೆಂದು ಬೀಗರಿಗೆ ಮಾತು ಕೊಟ್ಟಿದ್ದೆ. ಮೊಳಕಾಲ್ಮೂರಿನ ಗುಡ್ಡದ ಬುಡದಲ್ಲಿ ಕೂತು, ಬೇಟೆಯಲ್ಲಿ ಮಿಗ ನುಗ್ಗುವ ಬಂಡೆಸಂದಿನ ಕಂಡಿಗಳಲ್ಲಿ ಯಾರು ಯಾವುದನ್ನು ಕಾಯಬೇಕೆಂದು ದೊಡ್ಡಪಾಲಯ್ಯ ಮಾವ ಹಂಚಿದ. ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡ ನಮ್ಮಪ್ಪನ ಕಂಡಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.

“ಕಡವೆ ಅಲ್ಲೇ ನುಗ್ಗಿದ್ರೆ, ಮಾವ?” ಎಂದೆ.

“ವರ್ಷ ತುಂಬೋಗಂಟ ಅದು ಅವನ್ದೇ ಕಣ್ಲೇ. ನುಗ್ಗಿದ್ರೆ ಬೀಗರಿಗೆ ಹುರುಳಿಸಾರು ಬಡಿಸು!”

ಬೆಳಗಿನ ಚಳಿಯಲ್ಲಿ ತಮಟೆ ಬಡಿದು ಎಬ್ಬಿಸಿದ ಕಡವೆ ನೇರವಾಗಿ ಆ ಕಂಡಿಗೇ ಓಡಿತು. ಅಲ್ಲಿ ಗಕ್ಕನೆ ನಿಂತು, ಬೆದರಿ, ನನ್ನತ್ತ ತಿರುಗಿತು. ನನ್ನ ಕೋವಿಯ ಒಂದೇ ಗುಂಡಿಗೆ ಬಿತ್ತು.

ಉಳಿದವರು ನಗುನಗುತ್ತ ಅದನ್ನು ಹೊರುವಾಗ ನಾನು ಕಂಡಿಗೆ ಹೋದೆ. ಸುತ್ತಲ ಬಂಡೆಗಳೆಲ್ಲ ತಣ್ಣಗೆ ಕೊರೆಯುತ್ತಿದ್ದವು. ಬಿಸಿಲು ಇನ್ನೂ ಬೀಳದಿದ್ದರೂ ಅಪ್ಪ ಕೂರುತ್ತಿದ್ದ ಚಪ್ಪಡಿ ಮಾತ್ರ ಬೆಚ್ಚಗಿತ್ತು. ನೆಮ್ಮದಿಯಿಂದ ಅದರ ಪಕ್ಕದಲ್ಲಿ ಕೂತೆ. ಬಿಸಿಲು ಮೇಲೆ ಬಿದ್ದಾಗ, ಕೂತವರು ಎದ್ದು ಹೋದಂತೆ, ಅದು ತಣ್ಣಗಾಯಿತು.