ಮೂರನೇ ಮಹಡಿಯ ದನಿ

"ನಿಲ್ಲಿಸ್ಬೇಡ! ಮಾತಾಡ್ತಾನೇ ನಡಿ," ಎಂದಳು ಫೋನಿನಲ್ಲಿ ಚಿಕ್ಕಮ್ಮ.

"ಏನು ಮಾತಾಡ್ಲಿ? ಎಲ್ಲಾ ಖಾಲಿ ಆಯ್ತು."

"ಅಯ್ಯೋ ಮಾತಿನಮಲ್ಲಿ, ನಿನ್ನ ಬಾಯಿ ಖಾಲಿ ಆಗೋದುಂಟಾ? ಮಗ್ಗಿ ಹೇಳು."

ಸಾಸಿವೆ ಏಳರ ಮಗ್ಗಿ ಹೇಳುತ್ತ ಮೆಟ್ಟಿಲು ಹತ್ತಿದಳು. ಹುಟ್ಟಿದಾಗ ಸಾಸಿವೆ ಕಾಳಿನಷ್ಟು ಪುಟ್ಟಗಿದ್ದಳೆಂದು ಅಮ್ಮ ಕರೆದ ಹೆಸರು ಅದು. ಅಮ್ಮ ತೀರಿಕೊಂಡ ಮೇಲೆ ಅವಳು ಚಿಕ್ಕಮ್ಮನ ಮನೆಗೆ ಬಂದಿದ್ದಳು. ಆ ಮನೆಯಲ್ಲಿ ಅಮ್ಮನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ದೊಡ್ಡ ಕಟ್ಟಡಗಳಿಗೆ ವೈಫೈ ಹಾಕುವುದು ಚಿಕ್ಕಮ್ಮನ ಕೆಲಸ. ಈ ಸಲ ಆಸ್ಪತ್ರೆಯ ಹಳೆಯ ಭಾಗ. ಹೊಸ ಬಣ್ಣ ಬಳಿದಾಗಿತ್ತು. ರೋಗಿಗಳು ಇನ್ನೂ ಬಂದಿರಲಿಲ್ಲ. ದಪ್ಪ ಗೋಡೆಗಳನ್ನು ದಾಟಿ ಹೊರಗಿನ ಟವರಿನ ಸಿಗ್ನಲ್ ಒಳಗೆ ಇಣುಕುತ್ತಲೂ ಇರಲಿಲ್ಲ. ಅದಕ್ಕೇ ಪ್ರತಿ ಮಹಡಿಯ ಚಾವಣಿಗೂ ಒಂದೊಂದು ಬಿಳಿ ವೈಫೈ ಪೆಟ್ಟಿಗೆ.

ಚಿಕ್ಕಮ್ಮ ಕೆಳಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಸಾಸಿವೆ ಫೋನಿನಲ್ಲಿ ಮಾತಾಡುತ್ತ ಇಡೀ ಕಟ್ಟಡ ಸುತ್ತಬೇಕು. ಮಾತು ಎಲ್ಲಿ ಕಡಿಯುತ್ತದೋ ಅಲ್ಲಿ ತೊಂದರೆ ಇದೆ ಎಂದರ್ಥ.

"ಮಗುನ ಒಬ್ರ ಸೊಂಟದಿಂದ ಇನ್ನೊಬ್ರು ಎತ್ಕೊಳ್ತಾರಲ್ಲ, ಹಾಗೆ," ಎಂದಿದ್ದಳು ಚಿಕ್ಕಮ್ಮ. "ನೀನು ನಡೀತಾ ಹೋದ್ರೆ ಫೋನ್ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತೆ. ಮಧ್ಯೆ ಮಗು ಅಳಬಾರ್ದು, ಅಷ್ಟೇ."

ಮೂರನೇ ಮಹಡಿಯಲ್ಲಿ ಬೆಳಕು ಕಡಿಮೆ. ಕೋಣೆಗಳೊಳಗೆ ಪ್ಲಾಸ್ಟಿಕ್ ಸುತ್ತಿದ ಮಂಚಗಳು ಮಸುಕಾಗಿ ಕಂಡವು. ಗಾಳಿ ಇಲ್ಲದಿದ್ದರೂ ಎಲ್ಲೋ ಪ್ಲಾಸ್ಟಿಕ್ ಸರಸರ ಎಂದಿತು. ಒಂದು ಗಾಲಿಕುರ್ಚಿ ಗೋಡೆಗೆ ಮುಖ ಮಾಡಿ ನಿಂತಿತ್ತು, ಯಾರೋ ಮುನಿಸಿಕೊಂಡು ಕೂತ ಹಾಗೆ.

"ಏಳಾರ್ಲ ನಲವತ್ತೆರಡು."

"...ನಲವತ್ತೆರಡು," ಎಂದಿತು ಫೋನ್, ತಡವಾಗಿ. ಅವಳದೇ ದನಿ!

"ಚಿಕ್ಕಮ್ಮಾ?"

ಕರಕರ ಸದ್ದು. ಅದರೊಳಗಿಂದ, ಬಹಳ ದೂರದಿಂದ, ತೆಳ್ಳಗೆ ಒಂದು ದನಿ. "...ಸಿವೇ... ಎಲ್ಲಿ... ಕಂದಾ..."

ಸಾಸಿವೆ ಕಂಬದಂತೆ ನಿಂತಳು. ಅದು ಅಮ್ಮನ ದನಿ. ಕೊನೆಯ ದಿನಗಳಲ್ಲಿ ಉಸಿರು ಸಾಲದೆ ಅರ್ಧರ್ಧ ಮಾತು ನುಂಗುತ್ತಿದ್ದ ಅಮ್ಮನದು.

ಅವಳು ಬೆದರಿ ಮೆಟ್ಟಿಲ ಕಡೆಗೆ ಓಡಿದಳು. ದನಿ ಕೂಡಲೇ ತಿಳಿಯಾಯಿತು. ಚಿಕ್ಕಮ್ಮ!

"ಹಾಂ, ಈಗ ಕೇಳ್ತು! ಫೋನ್ ಇನ್ನೂ ಕೆಳಗಿನ ಪೆಟ್ಟಿಗೇನೇ ಹಿಡ್ಕೊಂಡಿದೆ ಕಣೇ, ಮೇಲೊಂದು ಇದ್ರೂ. ವೈಫೈ ಒಂದ್ಸಲ ಆಫ್ ಮಾಡಿ ಆನ್ ಮಾಡು. ಸರಿಹೋಗುತ್ತೆ."

"ಹೂಂ," ಎಂದಳು ಸಾಸಿವೆ. ಆದರೆ ಮಾಡಲಿಲ್ಲ.

ಅಕ್ಕತಂಗಿಯರ ದನಿ ಒಂದೇ ಥರ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ತಿರುಗಿ ಮಬ್ಬಿನೊಳಕ್ಕೆ ನಡೆದಳು. ಸರಿಹೋದರೆ ಆ ದನಿ ಮತ್ತೆ ಸಿಗುವುದಿಲ್ಲ.

"...ಕಂದಾ... ಎಲ್ಲಿ..."

"ಅಮ್ಮಾ, ಇಲ್ಲೇ ಇದ್ದೀನಿ," ಎಂದು ಪಿಸುಗುಟ್ಟಿದಳು.

"...ಎಲ್ಲಿ... ದೀಯಾ..."

"ಇಲ್ಲೇ ಅಮ್ಮಾ. ಮೂರನೇ ಮಹಡೀಲಿ."

"...ಎಲ್ಲಿ... ಮಾತಾ..."

ಅವಳು ಗಟ್ಟಿಯಾಗಿ ಹೇಳಿದಳು. ಕೂಗಿ ಹೇಳಿದಳು. ದನಿ ಮಾತ್ರ ಅದನ್ನೇ ಕೇಳುತ್ತಿತ್ತು, ಎಲ್ಲಿ, ಎಲ್ಲಿ ಎಂದು. ಅದಕ್ಕೆ ಅವಳ ಮಾತು ಕೇಳಿಸುತ್ತಲೇ ಇರಲಿಲ್ಲ. ಸಾಸಿವೆಗೆ ಈಗ ನಿಜವಾಗಿ ಭಯವಾಯಿತು.

ಫೋನಿನ ದನಿ ಪಟ್ಟನೆ ನಿಂತಿತು. ಮೆಟ್ಟಿಲ ಕಡೆಯಿಂದ ಧಡಧಡ ಹೆಜ್ಜೆಗಳು ಏರಿಬಂದವು. "ಸಾಸಿವೇ!"

ಚಿಕ್ಕಮ್ಮ. ಕನ್ನಡಕ ಸೊಟ್ಟಗಾಗಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಂದವಳೇ ಅವಳನ್ನು ಬಾಚಿ ತಬ್ಬಿಕೊಂಡಳು.

"ದೇವರೇ! ಜೀವ ಬಾಯಿಗೆ ಬಂದಿತ್ತು. ಯಾಕೇ ಮಾತಾಡ್ಲಿಲ್ಲ?"

"ಮಾತಾಡ್ದೆ. ಕೂಗ್ದೆ. ಕೇಳಿಸ್ಲಿಲ್ವಾ?"

"ಒಂದಕ್ಷರಾನೂ ಇಲ್ಲ." ಚಿಕ್ಕಮ್ಮ ಫೋನ್ ನೋಡಿ ಹಣೆ ಚಚ್ಚಿಕೊಂಡಳು. "ತಪ್ಪು ನಂದೇ. ಯಾರಿಗೂ ಸಿಗ್ನಲ್ ತಪ್ಪಬಾರ್ದು ಅಂತ ಕೆಳಗಿನ ಪೆಟ್ಟಿಗೆಯ ಶಕ್ತಿ ಪೂರ್ತಿ ಏರಿಸ್ಬಿಟ್ಟಿದ್ದೆ. ಅದರ ಕೂಗು ಇಲ್ಲೀವರೆಗೂ ಬರುತ್ತೆ. ಫೋನಿನ ಸಣ್ಣ ದನಿ ಅಲ್ಲಿಗೆ ಮುಟ್ಟಲ್ಲ. ಆದ್ರೂ ಫೋನ್ ಅದನ್ನೇ ನಂಬ್ಕೊಂಡು ಕೂತಿರುತ್ತೆ."

"ಈಗೇನ್ ಮಾಡ್ತೀಯಾ?"

"ಕೆಳಗಿನದರ ಶಕ್ತಿ ತಗ್ಗಿಸ್ತೀನಿ. ಆಗ ಫೋನ್ ಹತ್ತಿರದ್ದನ್ನ ಹಿಡಿಯುತ್ತೆ."

"ಆಮೇಲೆ ಆ ಕರಕರ ದನಿ ಬರಲ್ವಾ?"

"ಬರಲ್ಲ." ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. "ಹೆದರಿಕೆ ಆದ್ರೆ ನೀನು ಕೆಳಗೆ ಕೂತ್ಕೋ. ನಾನೇ ನಡೀತೀನಿ."

"ಬೇಡ, ನಾನೇ ನಡೀತೀನಿ," ಎಂದಳು ಸಾಸಿವೆ.

ಎರಡನೇ ಸುತ್ತಿನಲ್ಲಿ ಮೂರನೇ ಮಹಡಿ ಹಾಗೇ ಇತ್ತು, ಅದೇ ಮಬ್ಬು, ಅದೇ ಮಂಚಗಳು. ಅವಳು ಮೊದಲಿನ ಜಾಗದಲ್ಲೇ ನಿಂತು ಫೋನನ್ನು ಕಿವಿಗೆ ಒತ್ತಿಕೊಂಡಳು. ಒಂದು ಚೂರೂ ಕರಕರ ಇಲ್ಲ. ಚಿಕ್ಕಮ್ಮನ ಏದುಸಿರು ಮಾತ್ರ.

"ಚಿಕ್ಕಮ್ಮಾ, ನಾನು ಹೇಳೋದು ಕೇಳ್ತಿದೆಯಾ?"

"ಕೇಳ್ತಿದೆ ಕಣೇ. ನೀನು ಮೂಗು ಒರೆಸ್ಕೊಂಡಿದ್ದೂ ಕೇಳ್ತು."

ಸಾಸಿವೆ ಹೆಜ್ಜೆ ಮುಂದಿಟ್ಟಳು.

"ಅಮ್ಮನ ವಿಷಯ ಮಾತಾಡ್ಲಾ?"

ಆ ಕಡೆ ಕ್ಷಣ ಹೊತ್ತು ಸದ್ದಿಲ್ಲ. ಲೈನ್ ಕಡಿದಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾದಳು.

"ಹೇಳು," ಎಂದಳು ಚಿಕ್ಕಮ್ಮ.

ಸಾಸಿವೆ ಹೇಳುತ್ತ ನಡೆದಳು.