ಪಕ್ಕದ್ಮನೆ ಚಿಕ್ಕಮ್ಮನ ಟವೆಲು

ತಲೆಗೆ ಹಸಿರು ಟವೆಲು ಹೊದ್ದನೆಂದರೆ ಅವನು ನಮ್ಮ ತೋಟದ ಮೇಷ್ಟ್ರಲ್ಲ, ಏನೂ ತಿಳಿಯದ ಪಕ್ಕದ್ಮನೆ ಚಿಕ್ಕಮ್ಮ.

ಮನೆಯಂಗಳದಲ್ಲಿ ತರಕಾರಿ ಬೆಳೆಯುವುದನ್ನು ನಮ್ಮ ನಮ್ಮ ಬೀದಿಯವರಿಗೆ ಕಲಿಸಲು ಬೀದಿಗೊಬ್ಬರಂತೆ ಹೊರಟ ಸ್ವಯಂಸೇವಕರು ನಾವು. ಮೊದಲು ಆ ಚಿಕ್ಕಮ್ಮನಿಗೆ ಕಲಿಸಿ ಪಾಸಾಗಬೇಕು. ಎಲ್ಲರೂ ಪಾಸಾದರೆ ಮೇಷ್ಟ್ರು ಮುಂದಿನ ಊರಿಗೆ.

ನಾನೊಬ್ಬಳೇ ಉಳಿದಿದ್ದೆ. ಉತ್ತರ ಗೊತ್ತಿಲ್ಲದೆ ಅಲ್ಲ. ಅಜ್ಜಿಯ ಕತೆಯಲ್ಲಿ ರಾಜಕುಮಾರಿ ಒಗಟು ಬಿಡಿಸುವ ತನಕ ರಾಜಕುಮಾರ ಬಾಗಿಲು ದಾಟಿ ಹೋಗುವಂತಿರಲಿಲ್ಲ. ಅದನ್ನೇ ನಂಬಿ ಬೇಕಂತಲೇ ತಪ್ಪು ಹೇಳುತ್ತಿದ್ದೆ.

“ಸಸಿಗೆ ಎಷ್ಟು ನೀರು ಹಾಕ್ಲಮ್ಮಾ?” ಹೋದ ವಾರ ಕೇಳಿದ್ದ.

“ಬಕೆಟ್ ತುಂಬಾ, ಚಿಕ್ಕಮ್ಮ.”

“ಸಸಿಗೆ ಈಜು ಕಲಿಸೋಕೆ ಹೊರಟಿದೀಯಾ, ನೀರಮ್ಮ?”

ಟವೆಲಿನ ಅಂಚಿನಿಂದ ಒಂದೇ ಒಂದು ಕಣ್ಣು ನಕ್ಕಿತ್ತು. ಆ ನಗುವಿನಲ್ಲಿ ವಾರವಿಡೀ ಬದುಕಿದ್ದೆ.

ಇವತ್ತು ಆ ಕಣ್ಣು ನಗಲಿಲ್ಲ.

“ಮುಂದಿನ ಊರಲ್ಲಿ ಇನ್ನೊಂದು ಗುಂಪು ಕಾಯ್ತಿದೆ. ಇದೇ ಕೊನೇ ಕ್ಲಾಸು. ನೀನು ಪಾಸಾಗದಿದ್ರೆ ನಿಮ್ಮ ಬೀದಿಗೆ ಕಲಿಸೋರೇ ಇರಲ್ಲ,” ಎಂದು ಟವೆಲು ಹೊದ್ದ.

ಖಾಲಿ ಹಾಲ್. ನಮ್ಮಿಬ್ಬರ ನಡುವೆ ಟೊಮೆಟೊ ಸಸಿಗಳ ಟ್ರೇ. ಎಲೆ ಹಿಡಿದು, ಬೇರಿನ ಮಣ್ಣು ಉದುರದಂತೆ ಒಂದನ್ನು ಎತ್ತಿದೆ.

“ಕಿತ್ತು ಬೇರೆ ಕಡೆ ನೆಟ್ಟರೆ ಅದಕ್ಕೆ ಬೇಜಾರಾಗಲ್ವಾ?”

“ಆಗುತ್ತೆ, ಚಿಕ್ಕಮ್ಮ. ಸ್ವಲ್ಪ ದಿನ ತಲೆ ತಗ್ಗಿಸ್ಕೊಂಡಿರುತ್ತೆ. ನೆರಳಲ್ಲಿಟ್ಟು ನೋಡ್ಕೊಂಡ್ರೆ ಚೇತರಿಸ್ಕೊಳ್ಳುತ್ತೆ.”

ಅವನ ದನಿ ತಗ್ಗಿತು. ಅದು ಚಿಕ್ಕಮ್ಮನದಾಗಿರಲಿಲ್ಲ.

“ಹಾಗಾದ್ರೆ... ನನ್ನ ಜೊತೆ ಕರ್ಕೊಂಡು ಹೋಗಬಹುದಾ?”

ಮನೆಯಲ್ಲಿ ಅಜ್ಜಿ. ಕತೆಗಳನ್ನೆಲ್ಲ ಮರೆತಿದ್ದಾಳೆ, ನಾನು ಉಣಿಸಿದರಷ್ಟೇ ಬಾಯಿ ತೆರೆಯುತ್ತಾಳೆ. ಅದು ಅವನಿಗೂ ಗೊತ್ತು.

ಸಸಿಯನ್ನು ಮೆಲ್ಲಗೆ ಕೆಳಗಿಟ್ಟೆ. “ಇದನ್ನಾದ್ರೆ ಒಯ್ಯಬಹುದು. ನೀವು ಕೇಳ್ತಿರೋ ಸಸಿಯ ಪಕ್ಕ ಒಂದು ಹಳೇ ಗಿಡ ಇದೆ. ಬೇರಿಗೆ ಬೇರು ಸುತ್ಕೊಂಡಿದೆ. ಆ ಸಸಿ ಕಿತ್ತರೆ ಹಳೇದು ಉಳಿಯಲ್ಲ.”

“ಬರೋ ಆಸೆ ಇಲ್ವಾ ಇದಕ್ಕೆ?”

“ಇದೆ,” ಎಂದೆ. “ಬಕೆಟ್ ತುಂಬಾ.”

ಅವನು ಟವೆಲಿನ ಅಂಚನ್ನು ಕಣ್ಣಿಗೊತ್ತಿಕೊಂಡ.

“ಪಾಸು, ನೀರಮ್ಮ.”

ಹೊರಡುವಾಗ ಟವೆಲನ್ನು ಮಡಿಚಿ ಕುರ್ಚಿಯ ಮೇಲೆ ಬಿಟ್ಟುಹೋದ.

ಈಗ ನಮ್ಮ ಬೀದಿಯ ಹೊಸ ಸ್ವಯಂಸೇವಕಿಯರಿಗೆ ನಾನೇ ಚಿಕ್ಕಮ್ಮ. ಅದೇ ಟವೆಲು ಹೊದ್ದು ನೀರು, ಗೊಬ್ಬರ, ಹುಳು, ಎಲ್ಲದರ ಬಗ್ಗೆಯೂ ಪೆದ್ದುಪೆದ್ದಾಗಿ ಕೇಳುತ್ತೇನೆ. ಅವರು ಬಿದ್ದು ಬಿದ್ದು ನಗುತ್ತಾರೆ.

ಸಸಿ ಕಿತ್ತು ಬೇರೆ ಕಡೆ ನೆಡುವ ಆ ಒಂದು ಪ್ರಶ್ನೆಯನ್ನು ಮಾತ್ರ ಕೇಳದೆಯೇ ಎಲ್ಲರನ್ನೂ ಪಾಸು ಮಾಡುತ್ತೇನೆ.