ಬಾವಿ ಓಣಿಯಲ್ಲಿ ಒಬ್ಬರು ಕಡಿಮೆ

ಎಲ್ಲರೂ ತಲೆಯೆತ್ತಿ ಹಳೆಯ ಮರದ ಉಪ್ಪರಿಗೆಯ ಕೆತ್ತನೆ ನೋಡುತ್ತಿದ್ದರು. ತಲೆ ಇಳಿಸಿದಾಗ ಗುಂಪಿನಲ್ಲಿ ಒಬ್ಬರು ಕಡಿಮೆಯಿದ್ದರು.

"ಅಪ್ಪ ಎಲ್ಲಿ?" ಎಂದಳು ಮಗಳು.

ಗೈಡು ಮತ್ತೊಮ್ಮೆ ತಲೆ ಎಣಿಸಿದಳು. ಹಳೇ ಪೇಟೆಯನ್ನು ಕಾಲ್ನಡಿಗೆಯಲ್ಲಿ ತೋರಿಸುವುದೇ ಅವಳ ಕೆಲಸ. ಬಣ್ಣ ಮಾಸಿದ ಗೋಡೆಗಳು, ಸವೆದ ಕಲ್ಲುಹಾಸು, ಒಂದರ ಹೆಗಲಿಗೊಂದು ಒರಗಿ ನಿಂತ ಮನೆಗಳು—ಇವುಗಳ ನಡುವೆ ಕಣ್ಣು ಮುಚ್ಚಿಕೊಂಡೂ ಓಡಾಡಬಲ್ಲವಳು ಅವಳು. ಇದುವರೆಗೆ ಅವಳ ಜೊತೆ ಬಂದವರ ಒಂದು ಕೊಡೆಯೂ ಕಳೆದದ್ದಿಲ್ಲ. ಈಗ ಒಂದು ಜೀವವೇ ಕಳೆದಿತ್ತು.

ಕಾಣೆಯಾದವರಿಗೆ ಮರೆವಿನ ಕಾಯಿಲೆ. ಹುಟ್ಟಿ ಬೆಳೆದದ್ದು ಈ ಪೇಟೆಯಲ್ಲೇ. ಯಾವ ಓಣಿಯೆಂದು ಮಗಳಿಗೆ ಗೊತ್ತಿರಲಿಲ್ಲ, ಅವರಿಗೆ ನೆನಪಿರಲಿಲ್ಲ. ಹಳೆಯ ಜಾಗ ಕಂಡರೆ ಮನಸ್ಸು ತುಸು ತಿಳಿಯಾದೀತೆಂದು ಮಗಳು ಕರೆತಂದಿದ್ದಳು. ಅವರ ಹೃದಯದ ಮಾತ್ರೆ ಅವಳ ಕೈಚೀಲದಲ್ಲಿತ್ತು. ನುಂಗುವ ಹೊತ್ತು ಮೀರುತ್ತಿತ್ತು.

ಅಲ್ಲಿಂದ ಹೊರಡುವ ದಾರಿಗಳು ಎರಡೇ. ಬಂದ ದಾರಿಯಲ್ಲಿ, ಎಲ್ಲರ ಹಿಂದೆ, ಗೈಡಿನ ಸೋದರತ್ತೆ ನಿಂತಿದ್ದರು. ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡಿ ನಿವೃತ್ತರಾದವರು. ಅವರ ಕಣ್ಣು ತಪ್ಪಿಸಿ ಇರುವೆಯೂ ದಾಟಲಾರದು. ಉಳಿದದ್ದು ಬಾವಿ ಓಣಿ. ಅದು ಎಲ್ಲಿಗೂ ಹೋಗದ ಓಣಿ. ಬಲಕ್ಕೆ ಟೈಲರ್ ಅಂಗಡಿ, ಎಡಕ್ಕೆ ಬೀಗ ರಿಪೇರಿ ಅಂಗಡಿ, ಕೊನೆಯಲ್ಲಿ ಕಂಬಿ ಮುರಿದ ಹಾಳುಬಾವಿ.

ಯಾರೂ ಬಾವಿಯ ಮಾತೆತ್ತಲಿಲ್ಲ, ಆದರೂ ಎಲ್ಲರ ಕಾಲೂ ಅತ್ತಲೇ ಓಡಿದವು. ಮಗಳು ಮಾತ್ರ ಗೋಡೆ ಹಿಡಿದು ನಿಂತಳು. ಅತ್ತೆ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದರು.

"ಪಾಚಿ ಒಡೆದಿಲ್ಲ. ಇಲ್ಲಿ ಬಿದ್ದಿಲ್ಲ," ಎಂದರು ಅತ್ತೆ.

ಗೈಡು ಬೀಗದ ಅಂಗಡಿಗೆ ಓಡಿದಳು. ನರೆತ ತಲೆಯ ಬೀಗದವರು ಒಂದು ಕೀಲಿಕೈಗೆ ಅರ ಹಾಕುತ್ತಿದ್ದರು. ಬೂದು ಕೋಟು ಹಾಕಿದ ವಯಸ್ಸಾದವರೊಬ್ಬರು ಬಂದರೇ ಎಂದು ಕೇಳಿದಳು.

"ಇಲ್ಲಮ್ಮ, ಅವನು ಇಲ್ಲಿಗೆ ಬಂದಿಲ್ಲ," ಎಂದರು ಅವರು, ತಲೆ ಎತ್ತದೆ. "ಟೈಲರ್ ಅವರನ್ನ ಕೇಳಿ ನೋಡಿ. ಅವರು ಬಾಗಿಲಲ್ಲೇ ಕೂತಿರ್ತಾರೆ."

ಆದರೆ ಟೈಲರ್ ಬಾಗಿಲಲ್ಲಿರಲಿಲ್ಲ. ಬಾಗಿಲು ಅರ್ಧ ಮುಚ್ಚಿತ್ತು. ತಟ್ಟಿದಾಗ ಹೊರಬಂದ ಹುಡುಗುಪ್ರಾಯದ ಟೈಲರ್, ಚೌಕಟ್ಟಿಗೆ ಎರಡೂ ಕೈ ಅಡ್ಡವಿಟ್ಟ. ಯಾರೂ ಕೇಳುವ ಮೊದಲೇ ಒಳಗೆ ಯಾರೂ ಇಲ್ಲವೆಂದ. ಹಣೆಯಲ್ಲಿ ಬೆವರು.

"ಇಲ್ಲ ಅಂದ್ಮೇಲೆ ತೋರಿಸೋಕೇನು?" ಎಂದರು ಅತ್ತೆ.

ಅವನು ಮಿಸುಕಾಡಿದ. ಮಗಳು ಅವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳು. ಪರದೆಯ ಹಿಂದೆ ಒಂದು ಹಾಸಿಗೆ, ಸ್ಟೌ, ಒಣಗಿಹಾಕಿದ ಬಟ್ಟೆ. ಬೇರೆ ಮನೆ ಸಿಗದೆ ಅಂಗಡಿಯಲ್ಲೇ ಸಂಸಾರ ಹೂಡಿದ್ದನಂತೆ. ಮಾಲೀಕರಿಗೆ ಹೇಳಬೇಡಿ ಎಂದು ಗೋಗರೆದ. ಮುದುಕರ ಸುಳಿವಿಲ್ಲ.

ಹೊರಬಂದ ಮಗಳ ಮುಖ ನೋಡಲಾಗದೆ ಗೈಡು ಮುಖ ತಿರುಗಿಸಿದಳು. ಕೆತ್ತನೆ ವರ್ಣಿಸುತ್ತ ಮೈಮರೆತದ್ದು ತಾನೇ. ಈ ಹೊತ್ತಿಗೆ ಅವರು ಎಲ್ಲಿ ಕುಸಿದುಬಿದ್ದಿದ್ದಾರೋ?

ಅತ್ತೆ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಕರೆದರು. "ಬೀಗದವರು ಏನಂದ್ರು? ಇದ್ದದ್ದು ಇದ್ದ ಹಾಗೆ ಹೇಳು. ಒಂದಕ್ಷರ ಬಿಡಬೇಡ."

ಅವಳು ಹೇಳಿದಳು. ಅತ್ತೆ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಸೀದಾ ಬೀಗದ ಅಂಗಡಿಯ ಮೆಟ್ಟಿಲು ಹತ್ತಿದರು. ಗೈಡು, ಮಗಳು ಹಿಂದೆಯೇ ಹೋದರು.

"ನಿಮ್ಮ ಒಡಹುಟ್ಟಿದವರು ಒಳಗಿದ್ದಾರೆ. ಬಾಗಿಲು ತೆಗೀರಿ."

ಅರದ ಸದ್ದು ನಿಂತಿತು.

"ಯಾರು ಹೇಳಿದ್ರು?"

"ನೀವೇ. ಎದುರಂಗಡಿ ಹುಡುಗ ನಿಮ್ಮ ಮೊಮ್ಮಗನ ವಯಸ್ಸಿನವನು. ಅವನನ್ನೂ 'ಅವರು' ಅಂತೀರಿ. ಇವಳು 'ವಯಸ್ಸಾದವರೊಬ್ಬರು' ಅಂತ ಕೇಳಿದ್ರೆ ಮಾತ್ರ 'ಅವನು ಬಂದಿಲ್ಲ' ಅಂದ್ರಿ. ಮುಖ ನೋಡದ ಮುದುಕರನ್ನ ಯಾರಾದ್ರೂ ಹಾಗಂತಾರಾ? ಆ ವಯಸ್ಸಿನವರನ್ನ ಏಕವಚನದಲ್ಲಿ ಕರೆಯೋದು ಇಬ್ಬರೇ—ಹಗೆಯವರು, ಇಲ್ಲಾ ಒಂದೇ ತಟ್ಟೇಲಿ ಉಂಡವರು. ಅವರು ಹುಟ್ಟಿದ್ದು ಇದೇ ಪೇಟೇಲಿ. ಹಗೆಯಾಗಿದ್ರೆ ಬೈದು ಅಟ್ಟುತ್ತಿದ್ರಿ. ಬಚ್ಚಿಡ್ತಾ ಇರ್ಲಿಲ್ಲ."

ಬೀಗದವರು ಅರ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಬಾಯಿಬಿಟ್ಟರು. ಅಪ್ಪನ ಮನೆಯ ಪಾಲಿಗಾಗಿ ಅಣ್ಣತಮ್ಮಂದಿರು ಹರೆಯದಲ್ಲಿ ಕೈ ಕೈ ಮಿಲಾಯಿಸಿದ್ದರು. ಅಣ್ಣ ಪೇಟೆ ಬಿಟ್ಟು ಹೋಗಿದ್ದ. ಅಂದಿನಿಂದ ಒಬ್ಬರ ಹೊಸಿಲು ಇನ್ನೊಬ್ಬರು ತುಳಿದಿರಲಿಲ್ಲ.

"ಇವತ್ತು ಪಕ್ಕದ ಬೀದಿಗೆ ಹೋಗಿ ಬಂದವನ ಹಾಗೆ ಒಳಗೆ ಬಂದ. 'ಊಟ ಆಯ್ತೇನೋ' ಅಂದ. ಜಗಳ ನಂಗೆ ನೆನಪಿದೆ, ಅವನಿಗಿಲ್ಲ. ನೀವೆಲ್ಲ ಬಂದು ನೆನಪು ಮಾಡಿಕೊಟ್ರೆ ಮತ್ತೆ ಎದ್ದು ಹೋಗ್ತಾನೆ ಅಂತ..."

"ಮಾತ್ರೆ ತಪ್ಪಿದ್ರೆ ಜೀವ ಉಳಿಯಲ್ಲ," ಎಂದಳು ಮಗಳು. "ಬಾವಿ ಇಣುಕಿ ನೋಡೋ ಧೈರ್ಯ ನಂಗಿರ್ಲಿಲ್ಲ. ಗೊತ್ತಾ ನಿಮಗೆ?"

ಬೀಗದವರ ಮುಖ ಬಿಳಿಚಿತು. ಮಾತ್ರೆಯ ವಿಷಯ ತನಗೆ ಗೊತ್ತಿರಲಿಲ್ಲವೆಂದರು. ಅವಸರಕ್ಕೆ ಒಳಬಾಗಿಲ ಕೀಲಿಕೈಗೆ ಬೀಗದ ಕಣ್ಣೇ ಸಿಗಲಿಲ್ಲ. ಕೊನೆಗೆ ಗೈಡೇ ತೆಗೆದಳು.

ಮುದುಕರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮಗಳು ಮಾತ್ರೆ ಕೊಟ್ಟಳು, ಬೀಗದವರು ನೀರು ಹಿಡಿದರು. ಅವರು ಆಜ್ಞಾಧಾರಕರಂತೆ ನುಂಗಿದರು. ಅವರ ಉಸಿರು ನೆಟ್ಟಗಿದೆಯೆಂದು ಖಾತ್ರಿಯಾಗುವವರೆಗೆ ಗೈಡು ಅಲ್ಲಿಂದ ಕದಲಲಿಲ್ಲ.

ಮಗಳು ಹೊರಡೋಣವೆಂದು ತಂದೆಯ ತೋಳು ಹಿಡಿದಳು. ಅವರು ಅವಳನ್ನು ದಿಟ್ಟಿಸಿ, ತಮ್ಮನ ಕಡೆ ತಿರುಗಿದರು.

"ಇವರು ಯಾರೋ?"

ಮಗಳು ತುಟಿ ಕಚ್ಚಿದಳು. ಬೀಗದವರು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನಿನ್ನ ಮಗಳು ಕಣೋ."

ಮುದುಕರು ಅವಳ ಮುಖವನ್ನೇ ನೋಡಿದರು. ಹುಬ್ಬಿನ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು.

"ಮತ್ತೆ ನಿಂತೇ ಇದಾಳಲ್ಲೋ," ಎಂದು ತಮ್ಮನನ್ನು ಗದರಿದರು. "ಕೂರೋಕೆ ಹೇಳು."